ಸೊಟ್ಟಗೊಂಬಿನ ಹೋತಕ್ಕೆ ಇನ್ನೊಂದು ವರ್ಷ

ಬಾಚುವ ಕಾಲ ಹತ್ತಿರವಾಯಿತೆಂದರೆ ಚೊರೊಲ್ ಮೇಕೆಗಳಿಗಿಂತ ಮೊದಲು ತನ್ನ ಮಣಿಕಟ್ಟುಗಳನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು ಒಲೆಗೆ ಬೆರಣಿ ಒಟ್ಟಿ, ಹೊಗೆ ಸರಿದು ಕೆಂಡ ಕಂಡ ಮೇಲೆ ಎರಡೂ ಕೈಗಳನ್ನು ಅದರ ಮೇಲೆ ಹಿಡಿದು ಮೆಲ್ಲಗೆ ತಿರುಗಿಸುವಳು. ಬಲಗೈ, ಮರಳು ಸಿಕ್ಕಿಕೊಂಡ ಬೀಸುವ ಕಲ್ಲಿನಂತೆ ಕರಕರ ಅನ್ನುತ್ತಿತ್ತು. ಎಡಗೈ ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನದ ಹೊತ್ತಿಗೆ ಅದರ ಜೊತೆ ಸೇರಿಕೊಳ್ಳುತ್ತಿತ್ತು.

ಲೇಹ್‌ನಿಂದಾಚೆ ಎತ್ತರದ ರುಪ್ಶು ಬಯಲಿನ ಮೇಕೆಗಳು ಚಳಿಗಾಲದ ಗಾಳಿಗೆ ಅಂಜಿ ಒರಟು ಕೂದಲಿನ ಬುಡದಲ್ಲಿ ತುಪ್ಪುಳು ಬೆಳೆಸಿಕೊಳ್ಳುತ್ತವೆ. ಬಿಸಿಲು ಏರಿದರೆ ಅದನ್ನು ತಾವೇ ಕಳಚುತ್ತವೆ. ಅದು ಗಾಳಿಯ ಪಾಲಾಗುವ ಮುಂಚೆ ಮೇಕೆಯನ್ನು ಮಗ್ಗುಲಿಗೆ ಕೆಡವಿ, ಕಾಲು ಕಟ್ಟಿ, ಕೊಕ್ಕೆಹಲ್ಲಿನ ಕಬ್ಬಿಣದ ಹಣಿಗೆಯಿಂದ ಎಳೆಎಳೆಯಾಗಿ ಬಾಚಿ ತೆಗೆಯಬೇಕು. ಒಂದು ಮೇಕೆ ಮುಗಿದರೆ ಅಂಗೈಯಲ್ಲಿ ಹಿಡಿಯುವಷ್ಟು ಮೋಡ. ಮತ್ತೊಂದು ಮೇಕೆ. ಮತ್ತೊಂದು. ಚೊರೊಲ್ ಹುಡುಗಿಯಾಗಿದ್ದಾಗಿನಿಂದ ಅವಳ ಬೇಸಿಗೆಗಳೆಲ್ಲ ಹೀಗೇ ಕಳೆದಿದ್ದವು.

ಅವಳು ಹುಟ್ಟಿದ್ದೂ ಇದೇ ಬಿಡಾರದಲ್ಲಿ, ಮದುವೆಯಾಗಿ ಸೇರಿದ್ದೂ ಇದೇ ಬಿಡಾರಕ್ಕೆ. ಎರಡು ಗುಡಾರಗಳ ನಡುವೆ ಒಂದು ಕೂಗಿನ ದೂರ. ಮದುವೆಯ ದಿನ ಅತ್ತವಳಿಗೆ ಅತ್ತೆ ಝಾಂಗ್ಮೊ, "ಯಾಕಳ್ತೀಯೇ, ನಿಮ್ಮಮ್ಮ ಒಲೆ ಊದೋ ಸದ್ದು ಇಲ್ಲೀಗೇ ಕೇಳತ್ತೆ" ಎಂದಿದ್ದಳಂತೆ. ಗಂಡ ಚುಲ್ತಿಮ್ ಮಾತು ಕಡಿಮೆಯ ಮನುಷ್ಯ. ಯಾಕ್‌ಗಳ ಹಿಂದೆ ಮೇಲಿನ ಹುಲ್ಲುಗಾವಲಿಗೆ ಹೋದವನು ಹಿಮ ಬಿದ್ದ ಮೇಲೆಯೇ ಇಳಿಯುತ್ತಿದ್ದ. ಮಕ್ಕಳಿಬ್ಬರೂ ನ್ಯೋಮಾದ ವಸತಿ ಶಾಲೆಯಲ್ಲಿದ್ದರು. ಹೀಗಾಗಿ ವರ್ಷದ ಬಹುಪಾಲು ಗುಡಾರದಲ್ಲಿ ಇರುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಅವರಿಬ್ಬರ ನಡುವೆ ಒಲೆ, ಒಲೆಯ ಸುತ್ತ ಮೇಕೆಗಳ ವಾಸನೆ.

ಚೊರೊಲಳ ಅಪ್ಪ ಇದ್ದಾಗ ಬಿಡಾರದವರೆಲ್ಲ ಹೋತಗಳನ್ನು ಅವನ ಹತ್ತಿರ ಹಿಡಿದು ತರುತ್ತಿದ್ದರು. ಯಾವುದನ್ನು ಬಿತ್ತನೆಗೆ ಉಳಿಸಿಕೊಳ್ಳಬೇಕು, ಯಾವುದರ ಬೀಜ ಒಡೆಯಬೇಕು ಎಂದು ಹೇಳುವುದು ಅವನ ಕೆಲಸ. ಅವನು ಹೋತದ ಪಕ್ಕೆಯ ಕೂದಲನ್ನು ಎರಡು ಹೆಬ್ಬೆರಳಿನಿಂದ ಸೀಳಿ, ಬಾಯಿ ಹತ್ತಿರ ತಂದು 'ಫೂ' ಎಂದು ಊದುತ್ತಿದ್ದ. ಕೂದಲು ಹೂವಿನ ಹಾಗೆ ಬಿರಿಯುತ್ತಿತ್ತು. ತಳದಲ್ಲಿ ಚರ್ಮ ಕಂಡರೆ ತುಪ್ಪುಳು ತೆಳು. ಎಷ್ಟು ಊದಿದರೂ ಕಾಣದಿದ್ದರೆ ದಟ್ಟ. ಅಪ್ಪ ಸತ್ತ ಮೇಲೆ ಜನ ತಾವಾಗಿಯೇ ಚೊರೊಲಳ ಬಳಿ ಬಂದರು. ಅವಳು ಆ ಕೆಲಸವನ್ನು ಕೇಳಿರಲಿಲ್ಲ. ಬೇಡ ಎನ್ನಲೂ ಗೊತ್ತಾಗಲಿಲ್ಲ. ಹಾಲು ಕರೆದು, ಬೆಣ್ಣೆ ಕಡೆದು, ನೀರು ಹೊತ್ತು, ಉಳಿದ ಉಸಿರಿನಲ್ಲಿ ಬೇರೆಯವರ ಹೋತಗಳ ಪಕ್ಕೆ ಊದುತ್ತಿದ್ದಳು.

ತನ್ನದೇ ಹಿಂಡಿನಲ್ಲಿ ಅವಳು ಆರಿಸಿಕೊಂಡ ಹೋತ ಒಂದೇ. ಅದರ ಕೊಂಬು ಸೊಟ್ಟಗಿತ್ತು. ಹಿಮ ಮುಚ್ಚಿದ ಆ ಕೆಟ್ಟ ವರ್ಷ ಹಿಂಡಿನ ಅರ್ಧಕ್ಕಿಂತ ಹೆಚ್ಚು ರೊಪ್ಪದಲ್ಲೇ ಮರಗಟ್ಟಿ ಸತ್ತಿತ್ತು. ಉಳಿದ ಒಂದು ಮುದಿ ಮೇಕೆ ಈ ಮರಿಯನ್ನು ಹಾಕಿ ತಾನೂ ಹೋಯಿತು. ಝಾಂಗ್ಮೊ ಅದನ್ನು ತನ್ನ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು, ಬೆಣ್ಣೆ ಚಹಾದಲ್ಲಿ ಜವೆಗೋಧಿ ಹಿಟ್ಟು ಕದಡಿ ಬೆರಳಲ್ಲಿ ಚೀಪಿಸಿ ಬದುಕಿಸಿದ್ದಳು. ಒಂದು ಕೊಂಬಿಗೆ ಚಳಿ ಹೊಡೆದು ಅದು ಕಿವಿಯ ಕಡೆಗೆ ಬಾಗಿಕೊಂಡಿತು. ಅದು ಬೆಳೆದು ನಿಂತಾಗ, "ಸೊಟ್ಟ ಕೊಂಬಿಗೆ ಸೊಟ್ಟ ಮರಿ, ಒಡೆದುಬಿಡಿ" ಎಂದರು ಬಿಡಾರದವರು. ಚೊರೊಲ್ ಊದಿ ನೋಡಿದಳು. ಚರ್ಮ ಕಾಣಲಿಲ್ಲ. "ಇರ್ಲಿ" ಎಂದಳು. ಅವಳು ತನ್ನದೊಂದಕ್ಕಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಕುರಿ ಇಲಾಖೆಯ ಡಾಕ್ಟರ್ ಸ್ಪಲ್ಜೆಸ್ ಬಿಡಾರಕ್ಕೆ ಬಂದದ್ದು ಆ ಹೋತಕ್ಕೆ ಪ್ರಾಯ ತುಂಬಿದ ಬೇಸಿಗೆಯಲ್ಲಿ. ಅವಳು ತಗ್ಗಿನ ಶಾಮ್ ಕಡೆಯ ಜರ್ದಾಳು ತೋಟದ ಮನೆಯ ಹುಡುಗಿ. ಬಯಲಿನ ಗಾಳಿ ಒಗ್ಗದೆ ಮೂಗು ಸದಾ ಸೋರುತ್ತಿತ್ತು. ಬಿಡಾರದ ಮುಖ್ಯಸ್ಥ ಗೋಬಾ ಪಲ್ದನ್ ಎಲ್ಲರನ್ನೂ ರೊಪ್ಪದ ಬಳಿ ಕೂರಿಸಿದ. ಡಾಕ್ಟರ್ ಚಹಾ ಕುಡಿದು ಹೇಳಿದಳು:

"ಕೇಳಿ, ಪ್ರತಿ ಹೋತದ ಪಕ್ಕೆ ಮೇಲೆ ಅಂಗೈ ಅಗಲ ಜಾಗಕ್ಕೆ ಬಣ್ಣ ಹಚ್ಚಿ ಗುರುತು ಮಾಡ್ತೀನಿ. ನಾಳೆ ಬೆಳಿಗ್ಗೆ ಆ ಜಾಗದ ಕೂದಲನ್ನ ಬುಡಕ್ಕೆ ಕತ್ತರಿಸಿ ಚೀಲಕ್ಕೆ ಹಾಕ್ತೀನಿ. ಆಮೇಲೆ ನೀವು ಹೋತ ಪೂರ್ತಿ ಬಾಚಿ, ಬಂದದ್ದನ್ನ ತೂಕ ಮಾಡಿ. ನನ್ನ ಚೀಲದ್ದನ್ನ ಲೇಹ್‌ನಲ್ಲಿ ತೊಳೆದು, ಒರಟು ಕೂದಲು ಬೇರೆ ಮಾಡಿ, ತುಪ್ಪುಳು ಎಷ್ಟು ಉಳೀತು, ಎಷ್ಟು ಸಣ್ಣಗಿದೆ ಅಂತ ಯಂತ್ರದಲ್ಲಿ ನೋಡ್ತಾರೆ. ಚೀಲದಲ್ಲಿ ಎಷ್ಟು ಪಾಲು ತುಪ್ಪುಳೋ, ಇಡೀ ಹೋತದಲ್ಲೂ ಅಷ್ಟೇ ಪಾಲು ಅಂತ ಲೆಕ್ಕ."

"ಒಂದು ಅಗುಳು ನೋಡಿ ಅನ್ನ ಬೆಂತಾ ಅಂತ ಹೇಳೋ ಹಾಗೆ" ಎಂದ ತರ್ಗ್ಯಾಸ್. ಪಕ್ಕದ ಗುಡಾರದವನು, ಬಾಯಿಗೆ ಬೀಗವಿಲ್ಲ.

"ಹಾಗೇ. ಗೆದ್ದ ಹೋತ ಮಾತ್ರ ಹಿಂಡಿಗೆ. ಉಳಿದವಕ್ಕೆಲ್ಲ ಚಳಿಗಾಲಕ್ಕೆ ಮುಂಚೆ ಬೀಜ ಒಡೆದುಬಿಡೋದು. ಒಪ್ಪಿಗೆ ತಾನೇ?"

ಪಲ್ದನ್ ಎಲ್ಲರ ಮುಖ ನೋಡಿ ತಲೆಯಾಡಿಸಿದ. ವರ್ಷವರ್ಷಕ್ಕೆ ತುಪ್ಪುಳು ದಪ್ಪವಾಗುತ್ತಿದೆ ಎಂದು ಖರೀದಿಗೆ ಬರುವ ವ್ಯಾಪಾರಿಗಳು ಮೂಗು ಮುರಿಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಚೊರೊಲ್ ತಾನೂ ತಲೆಯಾಡಿಸಿದಳು. ಅವಳಿಗೆ ಬೇಸರವಾಗಲಿಲ್ಲ, ಬೆನ್ನಿನಿಂದ ಒಂದು ಕೊಡ ಇಳಿಸಿದಂತಾಯಿತು. ಇನ್ನು ಊದುವ ಕೆಲಸ ಯಂತ್ರದ್ದು.

ಆ ಸಂಜೆ ಹೋತಗಳೆಲ್ಲ ಪಕ್ಕೆಯ ಮೇಲೆ ನೀಲಿ ಗುರುತು ಹೊತ್ತುಕೊಂಡು ರೊಪ್ಪದಲ್ಲಿ ನಿಂತವು. ಮರುದಿನ ಬೆಳಿಗ್ಗೆ ಡಾಕ್ಟರ್ ಕತ್ತರಿಸುವಾಗ ಸೊಟ್ಟಗೊಂಬಿನ ಹೋತವನ್ನು ಹಿಡಿದುಕೊಂಡವಳು ಚೊರೊಲಳೇ. ಗುರುತಿನ ಜಾಗ ಸ್ವಲ್ಪ ಮಿನುಗುತ್ತಿತ್ತು. ರಾತ್ರಿಯ ಇಬ್ಬನಿ ಇನ್ನೂ ಆರಿಲ್ಲ ಎಂದುಕೊಂಡಳು. ಡಾಕ್ಟರ್ ಕೈಗವಸಿನಲ್ಲೇ ಮೂಗು ಒರೆಸಿಕೊಂಡು, ಕೂದಲನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು.

ಬೇಸಿಗೆ ಮುಗಿಯಿತು. ಬಿಡಾರ ಕಿತ್ತು ಇನ್ನೊಂದು ಬಯಲಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋದರು. ಹುಲ್ಲು ಕೆಂಪಾಗತೊಡಗಿದಾಗ ಪ್ರತಿ ವರ್ಷದಂತೆ ಹೋತಗಳ ಹೊಟ್ಟೆಯ ಕೆಳಗೆ ಅಡ್ಡಬಟ್ಟೆ ಕಟ್ಟಿದರು. ಹಾಗೆ ಕಟ್ಟಿದರೆ ಅವು ಮೇಕೆಗಳ ಮೇಲೇರಿದರೂ ಏನೂ ಆಗುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಮರಿ ಹುಟ್ಟಿ ಚಳಿಗೆ ಸಾಯುವುದೂ ಇಲ್ಲ. ಲಾಮಾ ಹೇಳಿದ ದಿನ ಅದನ್ನು ಬಿಚ್ಚುತ್ತಾರೆ. ಆ ದಿನಕ್ಕೆ ಇನ್ನೂ ಸಮಯವಿರುವಾಗ ಡಾಕ್ಟರ್ ಸ್ಪಲ್ಜೆಸ್ ಫಲಿತಾಂಶದ ಜೊತೆಗೆ ಬೀಜ ಒಡೆಯುವ ಉದ್ದ ಇಕ್ಕಳವನ್ನೂ ಹಿಡಿದು ಬಂದಳು.

ತರ್ಗ್ಯಾಸನ ಕೆಂಪು ಕಿವಿಯ ಹೋತ ಬಿಡಾರಕ್ಕೇ ಮೆಚ್ಚಿನದು. ಚೊರೊಲ್ ಊದಿ ಹೊಗಳಿದ್ದಳು. ಅದರ ತುಪ್ಪುಳು ಹೇರಳ, ಆದರೆ ದಪ್ಪ ಎಂದು ಬಂದಿತ್ತು.

"ನಮ್ಮ ಮಾವನ ಹಾಗೆ" ಎಂದ ತರ್ಗ್ಯಾಸ್. "ನೋಡೋಕೆ ಭಾರೀ ಆಳು, ಮುಟ್ಟಿದ್ರೆ ಒರಟು. ಒಡೀರಿ, ಏನ್ ಮಾಡೋದು. ಹೋತಾನ ಹೇಳ್ದೆ, ಮಾವನ್ನಲ್ಲ."

ನಗು ಇಳಿದ ಮೇಲೆ ಡಾಕ್ಟರ್ ಚೊರೊಲಳ ಕಡೆ ತಿರುಗಿ ಅಕ್ಕನನ್ನು ಕರೆಯುವ ಹಾಗೆ ಕರೆದಳು. "ಅಚೆ, ನಿಮ್ಮದು ಎಲ್ಲಕ್ಕಿಂತ ಕೆಳಗೆ ಬಂದಿದೆ. ಚೀಲದ ತೂಕದಲ್ಲಿ ಅರ್ಧ ಬರೀ ಜಿಡ್ಡು, ಹಿಟ್ಟಿನಂಥ ಕೊಳೆ. ತೊಳೆಯೋವಾಗ ತುಪ್ಪುಳೂ ಗಂಟುಗಂಟಾಗಿ ಹೋಗಿದೆ. ಉಳಿದದ್ದು ಏನೂ ಇಲ್ಲ. ನಾಳೆ ಒಡೆಯೋದರಲ್ಲಿ ಇದನ್ನೂ ಸೇರಿಸ್ತೀನಿ."

"ಆಯ್ತು" ಎಂದಳು ಚೊರೊಲ್. ಜಿಡ್ಡಿನ ಮೇಕೆಗಳನ್ನು ಅವಳು ನೋಡಿದ್ದಳು. ಈ ಹೋತ ಅಂಥದ್ದಲ್ಲ ಎಂದು ಒಳಗೊಳಗೇ ಅನ್ನಿಸಿತು. ಆದರೆ ಕೆಂಪು ಕಿವಿಯದರ ಬಗ್ಗೆಯೂ ತನಗೆ ಹಾಗೇ ಏನೇನೋ ಅನ್ನಿಸಿತ್ತಲ್ಲ.

ಸಂಜೆ ಹಾಲು ಕರೆದು ಒಳಗೆ ಬಂದಾಗ ಝಾಂಗ್ಮೊ ಜಪಮಣಿ ಕೆಳಗಿಟ್ಟು ಕೂತಿದ್ದಳು. 

"ಅಲ್ವೇ, ಅಷ್ಟು ಒಳ್ಳೆ ಬೆಣ್ಣೆ ಹಚ್ಚಿದ್ನಲ್ಲ, ಆದ್ರೂ ಗೆಲ್ಲಲಿಲ್ವಾ?"

ಚೊರೊಲ್ ಹಾಲಿನ ಪಾತ್ರೆ ಕೆಳಗಿಟ್ಟಳು. "ಎಲ್ಲಿಗೆ ಹಚ್ಚಿದ್ರಿ, ಅಮಾಲೆ?"

"ಎಲ್ಲಿಗೆ ಅಂದ್ರೆ? ಡಾಕ್ಟರ್‌ಲೆ ನೀಲಿ ಬಣ್ಣ ಹಚ್ಚಿದ್ಲಲ್ಲ, ಅಲ್ಲಿಗೇ. ಮೊದಲ ಸಲ ಗುಡಾರದ ಕಂಬ ನೆಟ್ಟಾಗ ಹಚ್ಚಲ್ವಾ? ನೀನು ಬಂದಾಗ ನಿನ್ನ ತಲೆಗೆ ಹಚ್ಚಲಿಲ್ವಾ? ಅಷ್ಟು ದೂರದಿಂದ ಬಂದು ಗುರುತು ಮಾಡಿದಾಳೆ ಅಂದ್ರೆ ಅದೃಷ್ಟ ಇರೋ ಜಾಗ ಅದೇ ಅಂತಲ್ವಾ ಅರ್ಥ? ಹಿಟ್ಟು ಸೇರಿಸಿ, ಮಂತ್ರ ಹೇಳಿ ಚೆನ್ನಾಗಿ ತಿಕ್ಕಿದೆ. ಬುಡದವರೆಗೂ."

ಮುದುಕಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಅದೇ ಮೋಸ ಮಾಡಿತೇನೋ ಎಂಬಂತೆ. ಆ ಬೆಣ್ಣೆಯೇ ಹೋತವನ್ನು ಸೋಲಿಸಿದ್ದು ಎಂದು ಅವಳಿಗೆ ಹೊಳೆದಿರಲಿಲ್ಲ. ಚೊರೊಲ್ ಬೆಂಕಿಯ ಕಡೆ ತಿರುಗಿ ಚಹಾಕ್ಕೆ ಉಪ್ಪು ಹಾಕಿದಳು. ಆಮೇಲೆ ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದಳು.

ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಯ ಕೈಯಿಂದಲೇ ಕೆಟ್ಟಿತು ಎಂಬ ನೋವು ಅತ್ತೆಗೆ ತಟ್ಟುವುದಿಲ್ಲ. ಅದಕ್ಕಿಂತ ಇನ್ನೊಂದು ಮಾತಿತ್ತು. ಚೊರೊಲ್ ಅದನ್ನು ತನಗೆ ತಾನೇ ಹೇಳಿಕೊಳ್ಳಲು ಹಿಂಜರಿದಳು. ನಾಳೆ ಹೋತ ಹೋತವಾಗಿ ಉಳಿಯದಿದ್ದರೆ ಅವಳಿಗೆ ಒಂದು ಕೆಲಸ ಕಡಿಮೆ. ಬೆದೆಗೆ ಬಂದ ಹೋತವನ್ನು ಹಿಡಿದು, ಕಟ್ಟಿ, ಕಾದು, ಅದರ ಗುದ್ದು ತಿನ್ನುವುದು ಕಡಿಮೆ. ಬಿತ್ತನೆಗೆ ಪಲ್ದನ್‌ನ ಹೋತವಿದೆ. ಅದು ಗೆದ್ದಿದೆ. ಮರಿಗಳು ಹುಟ್ಟಿಯೇ ಹುಟ್ಟುತ್ತವೆ. ಮಣಿಕಟ್ಟಿನೊಳಗಿನ ಮರಳೂ 'ಹೂಂ, ಹೂಂ' ಎಂದಂತಾಯಿತು.

ಬೆಳಿಗ್ಗೆ ರೊಪ್ಪದ ಕಲ್ಲುಗೋಡೆಯ ಹೊರಗೆ ಕೆಲಸ ಶುರುವಾಯಿತು. ಕೆಂಪು ಕಿವಿಯ ಹೋತವನ್ನು ಮೊದಲು ಕೆಡವಿದರು. ಇಕ್ಕಳ ಕಚ್ಚಿದ ಸದ್ದು ಸಣ್ಣದು. ಹೋತ ಒಮ್ಮೆ ಅರಚಿ, ಎದ್ದು, ಕಾಲು ಅಗಲಿಸಿ ನಿಂತಿತು. ಆಮೇಲೆ ಸೊಟ್ಟಗೊಂಬಿನದರ ಸರದಿ. ತರ್ಗ್ಯಾಸ್ ಹಿಂಗಾಲು ಹಿಡಿದ. ಚೊರೊಲ್ ತಲೆ ಹಿಡಿದಳು. ಹೋತದ ಬಿಸಿ ಉಸಿರು ಅವಳ ಮೊಣಕೈಗೆ ತಾಗುತ್ತಿತ್ತು. ಡಾಕ್ಟರ್ ಮಂಡಿಯೂರಿ ಇಕ್ಕಳ ಬಾಯಿ ತೆರೆದಳು.

ಅದರ ತುಪ್ಪುಳು ಒಳ್ಳೆಯದೋ ಕೆಟ್ಟದ್ದೋ ಚೊರೊಲಳಿಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಅದನ್ನು ಯಾರೂ ನೋಡಿಲ್ಲ. ಯಂತ್ರ ಬೆಣ್ಣೆಯನ್ನು ನೋಡಿದೆ, ಹಿಟ್ಟನ್ನು ನೋಡಿದೆ. ಹೋತವನ್ನು ನೋಡಿಲ್ಲ.

"ನಿಲ್ಲಿಸಿ, ಡಾಕ್ಟರ್‌ಲೆ. ಅದರ ಚೀಲದಲ್ಲಿ ಇದ್ದದ್ದು ಬೆಣ್ಣೆ."

"ಏನು?"

"ನೀವು ಗುರುತು ಮಾಡಿದ ಜಾಗಕ್ಕೆ ಬೆಣ್ಣೆ ಹಿಟ್ಟು ಹಚ್ಚಿತ್ತು. ನಾನೇ ಹಚ್ಚಿದ್ದು. ಶುಭಕ್ಕೆ ಅಂತ."

ಡಾಕ್ಟರ್ ತೆರೆದ ಇಕ್ಕಳ ಹಾಗೇ ಹಿಡಿದು ತಲೆಯೆತ್ತಿದಳು. ಅಷ್ಟರಲ್ಲಿ ಗೋಡೆಯ ಆಚೆ ಬಿಸಿಲು ಕಾಯಿಸುತ್ತಿದ್ದ ಝಾಂಗ್ಮೊ ಕೋಲೂರಿ ಎದ್ದಳು.

"ಸುಳ್ಳು! ಹಚ್ಚಿದ್ದು ನಾನು! ಇವಳ ಕೈಯಲ್ಲಿ ಅಷ್ಟು ಬೆಣ್ಣೆ ಎಲ್ಲಿ ಬಿಡತ್ತೆ? ಚಹಾಕ್ಕೇ ಉಗುರಲ್ಲಿ ಕೆರೆದು ಹಾಕ್ತಾಳೆ, ಜಿಪುಣಿ. ಮಂತ್ರ ಹೇಳಿದ್ದು ನಾನು, ತಿಕ್ಕಿದ್ದು ನಾನು, ಈಗ ಪುಣ್ಯ ಇವಳಿಗಾ?"

ತರ್ಗ್ಯಾಸ್ ಹಿಡಿದ ಕಾಲು ಬಿಟ್ಟು ಅಜ್ಜಿಯ ಕಡೆ ನೋಡುತ್ತ ನೆಲದ ಮೇಲೆ ಕೂತೇಬಿಟ್ಟ. "ಅಬಿಲೆ, ಬೆಣ್ಣೆ ಹಾಕಿದ್ರಿ, ಹಿಟ್ಟು ಹಾಕಿದ್ರಿ, ಒಂದು ಚಿಟಿಕೆ ಉಪ್ಪು ಹಾಕಿದ್ರೆ ಲೇಹ್‌ನೋರು ಚೀಲಾನ ಕುದಿಸಿ ಕುಡಿದೇ ಬಿಡ್ತಿದ್ರು!"

"ಅದಕ್ಕೇ ಯಂತ್ರಕ್ಕೆ ಏನೂ ಸಿಗಲಿಲ್ಲ" ಎಂದಳು ಯಾರೋ ಒಬ್ಬಳು, "ಅದೇ ಕುಡಿದಿರಬೇಕು." ಪಲ್ದನ್‌ಗೂ ನಗು ತಡೆಯಲಾಗಲಿಲ್ಲ. ಝಾಂಗ್ಮೊ ಮಾತ್ರ ನಗಲಿಲ್ಲ. ನಗುತ್ತಿದ್ದ ಒಂದೊಂದೇ ಮುಖವನ್ನು ನೋಡುತ್ತ ನೋಡುತ್ತ, ನಿಧಾನವಾಗಿ, ಅವಳಿಗೆ ತಿಳಿಯಿತು. ಕೋಲಿನ ಮೇಲಿನ ಕೈ ಸಡಿಲವಾಯಿತು. ಚೊರೊಲ್ ಅದನ್ನು ಕಂಡು ಕಣ್ಣು ಬೇರೆ ಕಡೆ ತಿರುಗಿಸಿದಳು.

ಡಾಕ್ಟರ್ ಇಕ್ಕಳ ಮುಚ್ಚಿ ನೆಲಕ್ಕಿಟ್ಟಳು. "ತಪ್ಪು ನಂದೂ ಇದೆ. ಏನೂ ಹಚ್ಚಬೇಡಿ ಅಂತ ನಾನು ಹೇಳಲಿಲ್ಲ. ಆದ್ರೆ ಈಗ ಮತ್ತೆ ಕತ್ತರಿಸೋಕೆ ಏನಿದೆ? ಹಳೇ ತುಪ್ಪುಳು ಬಾಚಿ ಆಗಿದೆ, ಹೊಸದು ಇನ್ನೂ ಮೊಳಕೆ. ಮುಂದಿನ ಜೂನ್‌ವರೆಗೆ ಕಾಯಬೇಕು."

"ಕಾಯೋದಾದ್ರೆ ಹೇಗೆ?" ಕೇಳಿದ ಪಲ್ದನ್. "ಗೆಲ್ಲದ ಹೋತ ಹಿಂಡಲ್ಲಿ ಇರಬಾರದು ಅಂತ ಎಲ್ಲರೂ ಒಪ್ಪಿದ್ದೀವಿ. ಇದೊಂದಕ್ಕೆ ಬೇರೆ ನ್ಯಾಯ ಅಂದ್ರೆ ನಾಳೆ ತರ್ಗ್ಯಾಸ್ ಸುಮ್ಮನಿರ್ತಾನಾ?"

"ನಂದು ಮುಗೀತಲ್ಲ, ಮೇಮೆಲೆ" ಎಂದ ತರ್ಗ್ಯಾಸ್ ಆ ಹಿರಿಯನಿಗೆ. "ಇನ್ನು ಅದಕ್ಕೆ ಯಾವ ನ್ಯಾಯ ಆದ್ರೂ ಒಂದೇ."

ಪಲ್ದನ್ ಗಡ್ಡ ಕೆರೆದುಕೊಂಡು ಯೋಚಿಸಿದ. ಕೊನೆಗೆ, "ಇಟ್ಟುಕೋ. ಆದ್ರೆ ಬೇರೆ ಹೋತಗಳ ಅಡ್ಡಬಟ್ಟೆ ಬಿಚ್ಚಿದ ಮೇಲೂ ಇದರದ್ದು ಬಿಚ್ಚೋ ಹಾಗಿಲ್ಲ. ಹಿಂಡಿನ ಜೊತೆ ಬಿಡೋ ಹಾಗಿಲ್ಲ. ಬೆದೆ ಮುಗಿಯೋವರೆಗೆ ಕಟ್ಟಿ ಮೇಯಿಸಬೇಕು. ಆಗತ್ತಾ ನಿನ್ನ ಕೈಲಿ?" ಎಂದ.

ಆಗುವುದಿಲ್ಲ ಎಂದು ಚೊರೊಲಳ ಮೈಯ ಒಂದೊಂದು ಗಂಟೂ ಹೇಳುತ್ತಿತ್ತು. "ಆಗತ್ತೆ" ಎಂದಳು.

ಅಡ್ಡಬಟ್ಟೆಯನ್ನು ಝಾಂಗ್ಮೊ ಹೊಲಿದುಕೊಟ್ಟಳು. ಹಳೆಯ ಕಂಬಳಿಯದು, ಎರಡು ಪದರ, ನಾಲ್ಕು ಕಡೆ ದಾರ. ಒಂದಲ್ಲ, ಎರಡು ಹೊಲಿದಳು. ಬೆಣ್ಣೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಚೊರೊಲಳೂ ಎತ್ತಲಿಲ್ಲ. ಆದರೆ ಅಂದಿನಿಂದ ಮುದುಕಿ ಬೆಳಿಗ್ಗೆ ಸೊಸೆಗಿಂತ ಮೊದಲೇ ಎದ್ದು ಒಲೆ ಹೊತ್ತಿಸತೊಡಗಿದಳು. "ನಿದ್ದೆ ಬರಲ್ಲ ಕಣೇ" ಎನ್ನುತ್ತಿದ್ದಳು, ಯಾರೂ ಕೇಳದಿದ್ದರೂ.

ಲಾಮಾ ಹೇಳಿದ ದಿನ ಗೆದ್ದ ಹೋತಗಳ ಬಟ್ಟೆ ಬಿಚ್ಚಿ ಹಿಂಡಿಗೆ ಬಿಟ್ಟರು. ಸೊಟ್ಟಗೊಂಬಿನದು ಗೂಟದಲ್ಲಿ ನಿಂತು ಎಲ್ಲವನ್ನೂ ನೋಡಿತು. ಆಮೇಲೆ ಅದರ ಬೆದೆ. ತುಟಿ ಮೇಲೆತ್ತಿ ಗಾಳಿ ಮೂಸುವುದು, ಹಗ್ಗ ಕಡಿಯುವುದು, ಹತ್ತಿರ ಬಂದವರನ್ನು ಸೊಟ್ಟ ಕೊಂಬಿನ ಕಡೆಯಿಂದಲೇ ಗುದ್ದುವುದು. ತನ್ನ ಗಡ್ಡಕ್ಕೂ ಎದೆಗೂ ಅಡ್ಡಬಟ್ಟೆಗೂ ತಾನೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಬಟ್ಟೆ ಮರಗಟ್ಟಿ ಹಲಗೆಯಾಗುತ್ತಿತ್ತು. ಹಲಗೆಯಾದದ್ದು ತೊಡೆ ಕೊಯ್ಯುತ್ತಿತ್ತು. ಹೀಗಾಗಿ ದಿನ ಸಂಜೆ ಚೊರೊಲ್ ಒಂದನ್ನು ಬಿಚ್ಚಿ, ಒಣಗಿದ್ದನ್ನು ಕಟ್ಟಿ, ಬಿಚ್ಚಿದ್ದನ್ನು ಒಲೆಯ ಮೇಲೆ ತೂಗು ಹಾಕಬೇಕಾಗಿತ್ತು. ಗಂಟು ಮಂಜುಗಡ್ಡೆಯಾಗಿರುತ್ತಿತ್ತು. ಬೆರಳು ಸೋತಾಗ ಹಲ್ಲಿನಿಂದ ಬಿಚ್ಚುತ್ತಿದ್ದಳು. ಇಡೀ ಗುಡಾರ, ಹಾಸಿಗೆ, ಒಣಗಿಣ್ಣು, ಅವಳ ಜಡೆ, ಎಲ್ಲವೂ ಹೋತ ನಾರುತ್ತಿತ್ತು.

"ಅಚೆ, ನಿಮ್ಮ ಕಡೆಯಿಂದ ಗಾಳಿ ಬಂದ್ರೆ ನನ್ನ ಹೆಂಡ್ತಿ ನನ್ನನ್ನೇ ಬೈತಾಳೆ" ಎಂದ ತರ್ಗ್ಯಾಸ್ ಒಮ್ಮೆ.

"ಅವಳಿಗೆ ವ್ಯತ್ಯಾಸ ಗೊತ್ತಾಗಿಲ್ಲ ಅಂದ್ರೆ ತಪ್ಪು ಹೋತದ್ದಲ್ಲ" ಎಂದಳು ಚೊರೊಲ್. ಅವಳು ಆ ಚಳಿಗಾಲದಲ್ಲಿ ಮಾಡಿದ ತಮಾಷೆ ಅದೊಂದೇ ಇರಬೇಕು.

ಹಿಮ ಬಿದ್ದ ಮೇಲೆ ಚುಲ್ತಿಮ್ ಯಾಕ್‌ಗಳೊಂದಿಗೆ ಇಳಿದು ಬಂದ. ಒಲೆಯ ಮೇಲೆ ತೂಗುತ್ತಿದ್ದ ಬಟ್ಟೆ ನೋಡಿದ, ಹೆಂಡತಿಯ ಕೈ ನೋಡಿದ. ಬೆಳಿಗ್ಗೆ ಹೋತದ ಪಾಲಿನ ಹುಲ್ಲನ್ನು ತಾನೇ ಹೊತ್ತು ತಂದು ಹಾಕಿದ. "ಯಾಕೆ ಇದೆಲ್ಲ?" ಎಂದು ಒಂದೇ ಸಲ ಕೇಳಿದ. ಚೊರೊಲ್ ಒಲೆಯ ಮೇಲಿನ ಬಟ್ಟೆಯನ್ನು ತಿರುವಿ ಹಾಕಿದಳು.

"ಯಾರೂ ಅದನ್ನ ನೋಡಿಲ್ಲ" ಎಂದಳು.

ಅವನು ತಲೆಯಾಡಿಸಿದ. ಅರ್ಥವಾಯಿತೋ ಇಲ್ಲವೋ ಅವಳು ಕೇಳಲಿಲ್ಲ.

ವಸಂತದಲ್ಲಿ ಪಲ್ದನ್‌ನ ಹೋತದ ಮರಿಗಳು ಹುಟ್ಟಿದವು. ಗಟ್ಟಿಮುಟ್ಟಾದ ಮರಿಗಳು. ಚೊರೊಲ್ ಅವುಗಳನ್ನು ಒಂದೊಂದಾಗಿ ಮಡಿಲಲ್ಲಿಟ್ಟು ಒರೆಸಿದಳು. ಜೂನ್ ಬಂತು. ಈ ಸಲ ಡಾಕ್ಟರ್ ಗುರುತು ಮಾಡಿದ ತಕ್ಷಣವೇ ಕತ್ತರಿಸಿದಳು. ಝಾಂಗ್ಮೊ ಎರಡೂ ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು, ಎಲ್ಲರಿಗೂ ಕಾಣುವಂತೆ ದೂರದಲ್ಲಿ ಕೂತಿದ್ದಳು.

ಹುಲ್ಲು ಕೆಂಪಾಗಿ, ಹೋತವನ್ನು ಮತ್ತೆ ಅಡ್ಡಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದ್ದ ಹೊತ್ತಿಗೆ ಡಾಕ್ಟರ್ ಬಂದಾಗ ಅವಳ ಮುಖ ನೋಡಿಯೇ ಚೊರೊಲಳಿಗೆ ತಿಳಿದುಹೋಯಿತು.

"ಅಚೆ, ಈ ಸಲ ಚೀಲ ಸ್ವಚ್ಛವಾಗಿತ್ತು. ಎರಡು ಸಲ ನೋಡಿಸಿದೆ." ಸ್ಪಲ್ಜೆಸ್ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ದಟ್ಟವಾಗೇನೋ ಇದೆ. ಆದ್ರೆ ಗಿಡ್ಡ. ದಪ್ಪ ಕೂಡ. ನೂಲೋರಿಗೆ ಬರಲ್ಲ. ಬಿತ್ತನೆಗೆ ಬೇಡ."

ಊದಿದಾಗ ಚರ್ಮ ಕಾಣದೆ ಇದ್ದದ್ದು ನಿಜ. ಅದು ಎಷ್ಟು ದಟ್ಟ ಎಂದು ಉಸಿರಿಗೆ ಗೊತ್ತಾಗಿತ್ತು. ಎಷ್ಟು ಸಣ್ಣ ಎಂದು ಗೊತ್ತಾಗಿರಲಿಲ್ಲ. ಚೊರೊಲ್ ಒಂದು ವರ್ಷದ ಹಗ್ಗ, ಹುಲ್ಲು, ಗಂಟುಗಳನ್ನೆಲ್ಲ ಒಟ್ಟಿಗೆ ನೆನೆದಳು. ಅಳು ಬರಬಹುದು ಎಂದುಕೊಂಡು ಕಾದಳು. ಬರಲಿಲ್ಲ.

"ಆಯ್ತು" ಎಂದಳು. "ಈಗ ನೋಡಿದ ಹಾಗಾಯ್ತು."

ತಲೆಯನ್ನು ಅವಳೇ ಹಿಡಿದಳು. ತರ್ಗ್ಯಾಸ್ ಕಾಲು ಹಿಡಿದ.  ಇಕ್ಕಳ ಎರಡು ಸಲ ಕಚ್ಚಿತು. ಹೋತ ಎದ್ದು ನಿಂತು ಮೈ ಕೊಡವಿತು. ಕಾಲೆಳೆಯುತ್ತ ಹಿಂಡಿನ ಅಂಚಿಗೆ ಹೋಗಿ, ಇನ್ನು ತನ್ನನ್ನು ಯಾರೂ ಕಟ್ಟುವುದಿಲ್ಲ ಎಂಬುದನ್ನು ಅರಿಯದೆ, ಹಗ್ಗದಷ್ಟು ದೂರಕ್ಕೆ ನಿಂತುಕೊಂಡಿತು. ಮಧ್ಯಾಹ್ನದ ಮೇಲೆ ಯಾವಾಗಲೋ ಒಂದು ಹೆಜ್ಜೆ ಮುಂದಿಟ್ಟು ಉಳಿದವುಗಳೊಡನೆ ಮೇಯತೊಡಗಿತು.

ಝಾಂಗ್ಮೊ ಗೋಡೆಗೊರಗಿ ಕೂತು ಎಲ್ಲವನ್ನೂ ನೋಡಿದ್ದಳು. "ಅದರದ್ದೇ ಕೂದಲಿಂದ ಸೋತಿದ್ದು ತಾನೇ?" ಎಂದಳು, ಸೊಸೆ ಹತ್ತಿರ ಬಂದಾಗ. "ನನ್ನ ಕೈಯಿಂದಲ್ಲ."

"ಅಲ್ಲ, ಅಮಾಲೆ."

"ಮರಿಯಾಗಿದ್ದಾಗ ಒಳ್ಳೇದಿತ್ತು."

"ಹೂಂ. ಈಗಲೂ ಒಳ್ಳೇದೇ."

ಸಂಜೆ ಹಾಲು ಕರೆದಾದ ಮೇಲೆ ಚೊರೊಲಳ ಕೈಗಳು ಅಭ್ಯಾಸದಿಂದ ಏನನ್ನೋ ಹುಡುಕಿದವು. ಬಿಚ್ಚಲು ಗಂಟಿರಲಿಲ್ಲ, ಕಟ್ಟಲೂ ಇರಲಿಲ್ಲ. ಒಳಗೆ ಬಂದು ಹಿಟ್ಟಿನ ಮೂಟೆಗೆ ಒಂದು ಗಳಿಗೆ ಬೆನ್ನು ಕೊಟ್ಟಳು. ಚಹಾ ಕುದಿ ಬರುವ ಮೊದಲೇ ಅವಳ ತಲೆ ಒಂದು ಕಡೆಗೆ ವಾಲಿತು. ಬಾಯಿ ಸ್ವಲ್ಪ ತೆರೆದು, ಊದಿಕೊಂಡ ಎರಡೂ ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು.

ಹೊರಗೆ ಕೆಮ್ಮಿದ ಸದ್ದಾಯಿತು. ತರ್ಗ್ಯಾಸ್ ಗುಡಾರದ ಬಾಗಿಲಿನ ಕಂಬಳಿ ಸರಿಸಿ ತಲೆ ತೂರಿಸಿದ.

"ಅಬಿಲೆ, ಅಚೆ ಇದಾಳಾ? ಒಂದು ಮಾತು..."

"ಶ್!" ಝಾಂಗ್ಮೊ ಸೌಟು ಎತ್ತಿದಳು. "ಮಲಗಿದಾಳೆ. ಏನಿದ್ರೂ ನಾಳೆ ಬಾ."

ಅವನು ಮಲಗಿದವಳನ್ನು ನೋಡಿ, ಬಾಗಿಲಿನ ಕಂಬಳಿಯನ್ನು ಗಾಳಿ ನುಗ್ಗದಂತೆ ಮೆಲ್ಲಗೆ ಇಳಿಬಿಟ್ಟು ಹೋದ. ಮುದುಕಿ ಚಹಾದ ಪಾತ್ರೆಯನ್ನು ಸದ್ದಾಗದಂತೆ ಒಲೆಯಿಂದ ಇಳಿಸಿದಳು.